ಲೇಟ್ ದಿಗಂಬರ ರಾವಜಿ ಹುದ್ದಾರ

ರಾಮದುರ್ಗ
೪ ಮಾರ್ಚ್ ೧೯೭೪

ಕು. ತಾರಾಬಾಯಿ ಹುದ್ದಾರ, ಶಿಕ್ಷಕಿ, ಕಿತ್ತೂರು, ಇವರಿಗೆ.

ನಿಮ್ಮ ಲಗ್ನಪತ್ರಿಕೆಯ ಮಜಕೂರು ನಮ್ಮ ಪ್ರೆಸ್ಸಿಗೆ ಬಂದು ಮುಟ್ಟಿದೆ. ವರನ ಕಾಕಾ ಅವರೇ ತಂದುಕೊಟ್ಟರು. ಲಗ್ನ ಮೇ ೧೨ಕ್ಕೆ ಇದ್ದರೂ ಈ ವರ್ಷ ಕಾಗದದ ಅಭಾವ ಬಹಳ, ಈಗಲೇ ಅಚ್ಚು ಹಾಕಿಸಿಕೊಳ್ಳುವುದು ಜಾಣತನ. ಬರೆದವರು ನೀವೆಂದೂ, ಏನಾದರೂ ಸಂಶಯ ಬಂದರೆ ಕೆಳಗಿರುವ ಶಾಲೆಯ ವಿಳಾಸಕ್ಕೆ ನಿಮ್ಮನ್ನೇ ಕೇಳಬೇಕೆಂದೂ ಹೇಳಿ ಹೋದರು. ಸಂಶಯ ಬಂದಿದೆ, ಆದ್ದರಿಂದ ಈ ಪತ್ರ.

ನಾಲ್ಕನೆಯ ಸಾಲಿನಲ್ಲಿ ವಧುವಿನ ತಂದೆಯ ಹೆಸರನ್ನು ‘ಲೇಟ್ ದಿಗಂಬರ ರಾವಜಿ ಹುದ್ದಾರ’ ಎಂದು ಬರೆದಿದ್ದೀರಿ. ಒಂಬತ್ತನೆಯ ಸಾಲಿನಲ್ಲಿ, ಆಮಂತ್ರಿಸುವ ಹೆಣ್ಣುಮಕ್ಕಳ ಹೆಸರುಗಳೊಳಗೆ, ವಧುವಿನ ತಾಯಿಯನ್ನು ‘ಸೌ. ಯಮುನಾಬಾಯಿ’ ಎಂದು ಬರೆದಿದ್ದೀರಿ. ಮೂವತ್ತು ವರ್ಷದಿಂದ ಲಗ್ನಪತ್ರಿಕೆಗಳ ಅಚ್ಚಿನ ಮೊಳೆ ಜೋಡಿಸುತ್ತ ಬಂದಿದ್ದೇನೆ. ಒಂದೇ ಪತ್ರಿಕೆಯಲ್ಲಿ ಇವೆರಡೂ ನಿಲ್ಲುವುದಿಲ್ಲ. ಗಂಡ ತೀರಿಕೊಂಡಿದ್ದರೆ ಹೆಂಡತಿ ಸೌಭಾಗ್ಯವತಿ ಅಲ್ಲ. ಹೆಂಡತಿ ಸೌಭಾಗ್ಯವತಿ ಆಗಿದ್ದರೆ ಗಂಡ ತೀರಿಕೊಂಡಿಲ್ಲ. ಒಂದನ್ನು ತೆಗೆಯಬೇಕಾಗುತ್ತದೆ. ಯಾವುದನ್ನು ತೆಗೆಯಲಿ ಎಂಬುದನ್ನು ಮರುಟಪಾಲಿಗೆ ತಿಳಿಸಬೇಕು.

ಅಲ್ಲಿಯವರೆಗೆ ಕೆಲಸ ನಿಲ್ಲಿಸಿದ್ದೇನೆ.

ತಮ್ಮ ವಿಶ್ವಾಸಿ,
ದಿಗಂಬರ ರಾವಜಿ ಹುದ್ದಾರ
ಕಂಪೋಝಿಟರ್


ಕಿತ್ತೂರು
೯ ಮಾರ್ಚ್ ೧೯೭೪

ಏನೆಂದು ಕರೆದು ಸುರು ಮಾಡಬೇಕೋ ತಿಳಿಯದೆ ಮೇಲಿನ ಸಾಲು ಖಾಲಿ ಬಿಟ್ಟಿದ್ದೇನೆ.

ನಿಮ್ಮ ಸಂಶಯಕ್ಕೆ ಉತ್ತರ ಇಷ್ಟೇ. ‘ಸೌ.’ ತೆಗೆಯಿರಿ. ಅದು ನನ್ನ ಕೈತಪ್ಪು. ಸಣ್ಣವಳಿದ್ದಾಗಿನಿಂದ ಅವ್ವನ ಅರಿಷಿಣ ಕುಂಕುಮದ ಚೀಟಿಗಳನ್ನೆಲ್ಲ ನಾನೇ ಬರೆದವಳು, ಅವಳ ಹೆಸರು ಬಂದ ಕೂಡಲೇ ಕೈ ತಾನೇ ‘ಸೌ.’ ಎಂದು ಬರೆದುಬಿಟ್ಟಿತು. ‘ಲೇಟ್’ ಇರಲಿ. ಅದು ಕೃಷ್ಣಾಜಿ ಮಾಮಾ ಹೇಳಿ ಬರೆಸಿದ್ದು.

ಇಷ್ಟಕ್ಕೇ ಪತ್ರ ಮುಗಿಸಬೇಕೆಂದು ನಾಲ್ಕು ದಿನ ಪ್ರಯತ್ನ ಮಾಡಿದೆ. ಆಗಲಿಲ್ಲ.

ರಾಮದುರ್ಗ. ಬೈಲಹೊಂಗಲದಿಂದ ಹೊರಟು ಸವದತ್ತಿಯಲ್ಲಿ ಬಸ್ಸು ಬದಲಿಸಿದರೆ ನಾಲ್ಕು ತಾಸಿನ ಹಾದಿ. ನೀವು ಮುಂಬಯಿಯಲ್ಲಿ ಇದ್ದೀರಿ ಎಂದುಕೊಂಡಿದ್ದೆ, ಹೈದರಾಬಾದಿನಲ್ಲಿ ಇದ್ದೀರಿ ಎಂದುಕೊಂಡಿದ್ದೆ. ಯಾವುದೋ ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಹೋಗಿರಬಹುದು ಎಂದೂ ಎಷ್ಟೋ ಸಲ ಅಂದುಕೊಂಡು ಅತ್ತಿದ್ದೇನೆ. ಅಷ್ಟು ಹತ್ತಿರ ಕುಳಿತು ಯಾರ ಯಾರದೋ ಲಗ್ನದ ಮೊಳೆ ಜೋಡಿಸುತ್ತಿದ್ದಿರಿ ಎಂಬುದು ಮಾತ್ರ ಹೊಳೆದಿರಲಿಲ್ಲ.

ನಾನು ಹತ್ತು ವರ್ಷದವಳಿದ್ದಾಗ ಹೋದಿರಿ. ಈಗ ಇಪ್ಪತ್ನಾಲ್ಕು. ನನ್ನನ್ನು ನೋಡಲು ನಾಲ್ಕು ಕಡೆಯವರು ಬಂದು ಹೋದರು. ಉಪ್ಪಿಟ್ಟು ತಿನ್ನುವವರೆಗೆ ಎಲ್ಲ ಸರಿ ಇರುತ್ತಿತ್ತು. ಆಮೇಲೆ ಯಾರಾದರೊಬ್ಬರು ಹುಡುಗಿಯ ತಂದೆ ಎಲ್ಲಿದ್ದಾರೆ ಎಂದು ಕೇಳುತ್ತಿದ್ದರು. ಊರು ಬಿಟ್ಟು ಹೋಗಿದ್ದಾರೆ ಎಂದ ಮೇಲೆ ಅವರಿಂದ ಪತ್ರ ಬರುತ್ತಿರಲಿಲ್ಲ. ಐದನೆಯವರು ಈ ರಾಮದುರ್ಗದವರು. ಅವರು ಬರುವ ಹಿಂದಿನ ದಿನ ಮಾಮಾ ನನ್ನನ್ನು ಕರೆದು ಕೂಡಿಸಿಕೊಂಡು ಹೇಳಿದ: “ಊರು ಬಿಟ್ಟಾರ ಅಂದ್ರ ನೂರು ಪ್ರಶ್ನೆ ಕೇಳ್ತಾರ. ಲೇಟ್ ಅಂದ್ರ ಒಂದೂ ಕೇಳೂದಿಲ್ಲ.” ಅವನು ಹೇಳಿದಂತೆಯೇ ಆಯಿತು. ಒಂದೂ ಕೇಳಲಿಲ್ಲ. ಹುಡುಗನ ತಾಯಿ ನನ್ನ ಗಲ್ಲ ಮುಟ್ಟಿ ಪಾಪ ಅಂದಳು.

ಆ ದಿನ ಅವ್ವನನ್ನು ಅಡಿಗೆಮನೆಯಿಂದ ಹೊರಗೆ ಬರಗೊಡಲಿಲ್ಲ. ಹಣೆ ತುಂಬ ಕುಂಕುಮ ಇಟ್ಟವಳನ್ನು ಹೇಗೆ ತೋರಿಸುವುದು? ಮೈ ಸರಿಯಿಲ್ಲ, ಮಲಗಿದ್ದಾಳೆ ಎಂದರು. ಬಾಗಿಲಾಚೆ ಒಲೆ ಮುಂದೆ ಕುಳಿತು ಅವಳು ನನ್ನ ಲಗ್ನದ ಮಾತು ಗಟ್ಟಿಯಾಗುವುದನ್ನು ಅರ್ಧಂಬರ್ಧ ಕೇಳಿಸಿಕೊಂಡಳು. ನೀವು ಸತ್ತದ್ದು ಅವಳಿಗೆ ಇನ್ನೂ ಗೊತ್ತಿಲ್ಲ. ಗಂಡ ದೂರದಲ್ಲಿ ಇದ್ದಾನೆ ಎಂದು ಬಂದವರಿಗೆ ಹೇಳಿದ್ದಾರೆ ಅಂತ ತಿಳಿದಿದ್ದಾಳೆ.

ಲಗ್ನದ ದಿನವೂ ಹಾಗೇ ಒಳಗೇ ಇಟ್ಟರಾಯಿತು ಎನ್ನುತ್ತಾನೆ ಮಾಮಾ. ಒಂದು ಸಲ ಅಕ್ಷತೆ ಬಿತ್ತು ಅಂದರೆ ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾನೆ. ಇದು ತಪ್ಪು ಎಂದು ನನಗೂ ಗೊತ್ತು. ಆದರೆ ನನಗೆ ಈ ಮದುವೆ ಬೇಕು. ಹುಡುಗ ಬಾಳಕೃಷ್ಣ, ಅವರೂ ಶಿಕ್ಷಕರು, ಒಳ್ಳೆಯವರು, ಎರಡು ಮಾತು ಆಡಿದರು, ಎರಡೂ ಸರಿಯಾದ ಮಾತು. ಇನ್ನೊಂದು ಸಲ ಉಪ್ಪಿಟ್ಟು ಮಾಡಿ, ಸೀರೆ ಉಟ್ಟು, ತಲೆ ತಗ್ಗಿಸಿ ಕುಳಿತುಕೊಳ್ಳುವ ತ್ರಾಣ ನನ್ನಲ್ಲಿ ಉಳಿದಿಲ್ಲ.

ದಯಮಾಡಿ ಬೈಲಹೊಂಗಲಕ್ಕೆ ಬರಬೇಡಿ, ಅಲ್ಲಿಗೆ ಪತ್ರವನ್ನೂ ಬರೆಯಬೇಡಿ.

ತಾರಾಬಾಯಿ ಹುದ್ದಾರ


ರಾಮದುರ್ಗ
೧೭ ಮಾರ್ಚ್ ೧೯೭೪

ಚಿ. ತಾರಾ,

ನೀನು ಖಾಲಿ ಬಿಟ್ಟ ಸಾಲನ್ನು ನಾನು ತುಂಬಿದ್ದೇನೆ, ಸಿಟ್ಟು ಮಾಡಬೇಡ. ಮುದುಕರಿಗೆ ಆಶೀರ್ವಾದ ಬರೆಯುವ ಚಟ ಇರುತ್ತದೆ. ಆಶೀರ್ವಾದಗಳು.

ಮೊದಲು ನಿನ್ನ ಹೆದರಿಕೆ ತೆಗೆಯುತ್ತೇನೆ. ವರನ ಕಾಕಾ ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಇಲ್ಲಿ ನನ್ನನ್ನು ಎಲ್ಲರೂ ದಿಗೂ ಮಾಸ್ತರ ಎಂದೇ ಕರೆಯುತ್ತಾರೆ. ಮಾಲೀಕ ಬಸಲಿಂಗಪ್ಪನವರಿಗೆ ನನ್ನ ಅಡ್ಡಹೆಸರು ನೆನಪಿದ್ದರೆ ಅದೇ ದೊಡ್ಡದು. ನಾನು ಬರುವುದೂ ಇಲ್ಲ.

ನಾನು ಯಾಕೆ ಹೋದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಯಾರೋ ಹೆಂಗಸು ಇದ್ದಳು ಎಂದು ಊರಲ್ಲಿ ಆಡಿಕೊಂಡಿರಬಹುದು. ಇದ್ದಿದ್ದರೆ ನಿಮಗೆ ಬೈಯಲು ಒಬ್ಬಳಾದರೂ ಸಿಗುತ್ತಿದ್ದಳು. ಹಾಗೇನೂ ಇರಲಿಲ್ಲ. ನಿನ್ನ ಮಾವಶಿಯ ಲಗ್ನ ನಿನಗೆ ನೆನಪಿರಬೇಕು. ಕೃಷ್ಣಾಜಿ ತನ್ನ ಕಡೆಯ ತಂಗಿಯ ಲಗ್ನಪತ್ರಿಕೆಯನ್ನು ನಾನಿದ್ದ ಬೈಲಹೊಂಗಲದ ಪ್ರೆಸ್ಸಿಗೇ ಕೊಟ್ಟ, ಮನೆಯ ಅಳಿಯ ಮಾಡಿಕೊಡುತ್ತಾನೆಂದು. ಲಗ್ನ ೧೭ಕ್ಕೆ ಇತ್ತು. ಮೊಳೆಯ ಪೆಟ್ಟಿಗೆಯಲ್ಲಿ ಏಳರ ಖಣದೊಳಗೆ ಒಂದು ಎಂಟು ಬಿದ್ದಿತ್ತು. ಖಣದಿಂದ ಖಣಕ್ಕೆ ಕೈ ಓಡುತ್ತಿರುವಾಗ ಒಂದೊಂದು ಮೊಳೆಯನ್ನು ನೋಡುವುದಿಲ್ಲ, ಕೈ ಹೋದಲ್ಲಿ ಇರಬೇಕಾದದ್ದು ಇದೆ ಎಂಬ ಭರವಸೆಯ ಮೇಲೆ ಕೆಲಸ ನಡೆಯುತ್ತದೆ. ಪ್ರೂಫನ್ನು ಮನೆಯವನೇ ಎಂದು ನನಗೇ ಬಿಟ್ಟರು, ನಾನು ಓದಿದೆ, ನನ್ನ ಕಣ್ಣಿಗೆ ಏಳೇ ಕಂಡಿತು. ಮುನ್ನೂರು ಪತ್ರಿಕೆ ೧೮ ಎಂದು ಊರೂರಿಗೆ ಹೋದವು. ೧೭ಕ್ಕೆ ಹಂದರದಲ್ಲಿ ಮೂವತ್ತು ಜನ ಇರಲಿಲ್ಲ. ಗಂಡಿನ ಕಡೆಯವರು ನಕ್ಕರು. ಮರುದಿನ ಧಾರವಾಡದಿಂದ, ಮುರಗೋಡದಿಂದ, ಮುನವಳ್ಳಿಯಿಂದ ಹೊಸ ಸೀರೆ ಉಟ್ಟು ನೆಂಟರು ಇಳಿದರು. ಹಂದರದ ಗಳ ಕೀಳುತ್ತಿದ್ದರು.

ಎಲ್ಲರ ಮುಂದೆ ಕೃಷ್ಣಾಜಿ ಒಂದು ಮಾತು ಹೇಳಿದ: “ನಮ್ಮ ಮಾನಾ ಕಳದಿ. ಇನ್ನ ನಿನ್ನ ಮಾರಿ ತೋರಸಬ್ಯಾಡ.” ಪ್ರೆಸ್ಸಿನ ಕೆಲಸವೂ ಹೋಯಿತು. ಆಗ ಊರಲ್ಲಿ ಒಂದು ನಾಟಕ ಕಂಪನಿ ಇಳಿದಿತ್ತು, ಅವರ ಕರಪತ್ರ ನೋಡಿಕೊಳ್ಳಲು ಎರಡು ತಿಂಗಳ ಮಟ್ಟಿಗೆ ಅವರ ಜೊತೆ ಹೋದೆ. ಎರಡು ತಿಂಗಳು ಆರಾಯಿತು. ಆರು ತಿಂಗಳು ಬಿಟ್ಟು ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ವರ್ಷವಾಯಿತು. ವರ್ಷದ ಮೇಲೆ ಹೋದರೆ ಏನು ಹೇಳುವುದು ಎಂದು ಎರಡಾಯಿತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಇಷ್ಟು ಸಣ್ಣ ಕಾರಣಕ್ಕೆ ನೀವಿಬ್ಬರೂ ಇಷ್ಟು ಅನುಭವಿಸಿದಿರಲ್ಲ ಎಂಬುದೇ ನನಗೆ ತಡೆದುಕೊಳ್ಳಲಾಗದ ಸಂಕಟ. ಆರು ವರ್ಷದ ಹಿಂದೆ ರಾಮದುರ್ಗಕ್ಕೆ ಬಂದೆ. ಹತ್ತಿರ ಬಂದರೆ ಹೋಗುವುದು ಸುಲಭವಾಗಬಹುದು ಎಂದುಕೊಂಡೆ. ಆಗಲಿಲ್ಲ.

ಕೃಷ್ಣಾಜಿ ಆ ಇಂಗ್ಲಿಷ್ ಶಬ್ದವನ್ನೇ ಯಾಕೆ ಆರಿಸಿದ ಎಂದು ನಿನ್ನ ಪತ್ರ ಓದಿದಾಗಿನಿಂದ ಯೋಚಿಸುತ್ತಿದ್ದೇನೆ. ನಮ್ಮಲ್ಲಿ ಕೈಲಾಸವಾಸಿ ಎನ್ನುತ್ತೇವೆ. ಜೀವಂತ ಇದ್ದವನ ಹೆಸರಿಗೆ ಅದನ್ನು ಅಂಟಿಸಲು ಅವನಿಗೂ ಬಾಯಿ ಬಂದಿರಲಿಕ್ಕಿಲ್ಲ. ನಾಲಿಗೆಗೆ ಚುಚ್ಚುತ್ತದೆ. ‘ಲೇಟ್’ ಹಾಗಲ್ಲ. ದಿನಾ ಬಸ್ ನಿಲ್ದಾಣದಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ, ಪರೀಕ್ಷೆ ಫೀ ತುಂಬುವ ನೋಟೀಸಿನಲ್ಲಿ ಓಡಾಡಿಕೊಂಡಿರುವ ಶಬ್ದ. ಒಬ್ಬನನ್ನು ಕೊಂದರೂ ಕೊಂದಂತೆ ಅನಿಸುವುದಿಲ್ಲ. ನಾನೇ ಸಾವಿರ ಸಲ ಜೋಡಿಸಿದ್ದೇನೆ, ಜೋಡಿಸಿ ಮುಂದಿನ ಸಾಲಿಗೆ ಹೋಗಿದ್ದೇನೆ.

ನನ್ನನ್ನು ಸತ್ತವನೆಂದೇ ಹಿಡಿ, ನನ್ನ ತಕರಾರು ಇಲ್ಲ. ಈ ಹದಿನಾಲ್ಕು ವರ್ಷ ನಾನು ಇದ್ದು ಮಾಡಿದ್ದೂ ಅಷ್ಟರಲ್ಲೇ ಇದೆ. ಆದರೆ ನನ್ನ ಹೆಸರಿಗೆ ಆ ಶಬ್ದ ಹಚ್ಚಿದರೆ ನಿನ್ನ ಅವ್ವನ ಹಣೆಯ ಕುಂಕುಮ ಅಳಿಸಿದಂತೆ. ಪತ್ರಿಕೆ ಮನೆ ಮನೆಗೆ ಹೋಗುತ್ತದೆ. ಓದಿದ ಯಾವಳಾದರೊಬ್ಬಳು ಬಂದು ಅವಳ ಮುಂದೆ ಅಳುತ್ತಾಳೆ. ಅವಳನ್ನು ಒಂದು ಮಾತು ಕೇಳು. ಕೇಳದೆ ನಾನು ಅಚ್ಚು ಹಾಕಲಾರೆ. ಬಸಲಿಂಗಪ್ಪನವರಿಗೆ ಮೊಳೆ ಕಡಿಮೆ ಬಿದ್ದಿವೆ ಎಂದು ಸುಳ್ಳು ಹೇಳಿದ್ದೇನೆ, ಏಪ್ರಿಲ್ ನಡುವಿನವರೆಗೆ ಆ ಸುಳ್ಳು ನಡೆಯುತ್ತದೆ.

ಇತಿ,
ದಿಗಂಬರ


ಕಿತ್ತೂರು
೩೧ ಮಾರ್ಚ್ ೧೯೭೪

ಶ್ರೀ ಹುದ್ದಾರ ಅವರಿಗೆ,

ಯುಗಾದಿಗೆ ಬೈಲಹೊಂಗಲಕ್ಕೆ ಹೋಗಿದ್ದೆ. ಅವ್ವನಿಗೆ ಹೇಳಿದೆ.

ಅವಳು ಬೇವಿನ ಎಲೆ ಬಿಡಿಸುತ್ತಿದ್ದಳು. ಪತ್ರಿಕೆಯಲ್ಲಿ ಒಂದು ಶಬ್ದ ಹಾಕಿಸಿದ್ದೇವೆ ಎಂದೆ. ಏನು ಹಾಗೆಂದರೆ ಎಂದಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುವಂತೆಯೇ ಸುರು ಮಾಡಿದೆ, ಬೇರೆ ದಾರಿ ತೋಚಲಿಲ್ಲ. ಹುಡುಗರು ಗಂಟೆ ಬಾರಿಸಿದ ಮೇಲೆ ಬಂದರೆ ಲೇಟ್, ಬಸ್ಸು ಹೊತ್ತಿಗೆ ಬರದಿದ್ದರೆ ಲೇಟ್, ದೊಡ್ಡವಳಾದ ಮೇಲೆ ಲಗ್ನವಾದರೆ ಲೇಟ್ ಲಗ್ನ, ತೀರಿಕೊಂಡವರ ಹೆಸರಿಗೂ ಲೇಟ್ ಎಂದು. ಕಡೆಯದನ್ನು ಹೇಳುವಾಗ ಅವಳ ಮುಖ ನೋಡಲಿಲ್ಲ. ಅವಳು ಒಂದು ಟೊಂಗೆ ಪೂರಾ ಬಿಡಿಸಿ ಮುಗಿಸಿ, “ಒಂದು ಶಬ್ದಕ್ಕ ಇಷ್ಟು ಕೆಲಸಾನ?” ಅಂದಳು.

ಆಮೇಲೆ ನೀವು ಎಲ್ಲಿದ್ದೀರಿ ಎಂದು ಹೇಳಿದೆ. ಬೈಯಬಹುದು ಅಥವಾ ಅಳಬಹುದು ಎಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ: “ಕಣ್ಣು ಹೆಂಗ ಅದಾವಂತ? ಆ ಸಣ್ಣ ಮೊಳಿ ಇನ್ನೂ ಕಾಣಸ್ತಾವೇನು?” ನನಗೆ ಗೊತ್ತಿಲ್ಲ ಎಂದೆ. ಹಬ್ಬದ ಅಡಿಗೆ ಮಾಡಿದಳು, ಎಲ್ಲರಿಗೂ ಬಡಿಸಿದಳು, ತಾನು ಉಣ್ಣಲಿಲ್ಲ.

ಸಂಜೆ ಮಾಮಾನಿಗೆ ಗೊತ್ತಾಯಿತು. ಬಹಳ ಕೂಗಾಡಿದ. ಹನ್ನೆರಡು ವರ್ಷ ಸುದ್ದಿ ಇಲ್ಲದವನ ಕ್ರಿಯೆ ಮಾಡಬಹುದು ಎಂದು ಶಾಸ್ತ್ರದಲ್ಲೇ ಇದೆ, ನಾನು ಬರೀ ಒಂದು ಶಬ್ದ ಬರೆಸಿದ್ದೇನೆ ಎಂದ. ಹದಿನಾಲ್ಕು ವರ್ಷ ನಿಮ್ಮಿಬ್ಬರಿಗೆ ಅನ್ನ ಹಾಕಿದವನು ಯಾರು ಎಂದೂ ಕೇಳಿದ. ಅದು ನಿಜ, ಅವನೇ ಹಾಕಿದ್ದಾನೆ. ಅವನು ಕೆಟ್ಟವನಲ್ಲ. ಅವನಿಗೂ ಸಾಕಾಗಿದೆ.

ಮರುದಿನ ಬೆಳಿಗ್ಗೆ ಅವ್ವ ಕನ್ನಡಿಯ ಮುಂದೆ ಬಹಳ ಹೊತ್ತು ಕುಳಿತಿದ್ದಳು. ಕುಂಕುಮದ ಕರಡಿಗೆ ತೊಡೆಯ ಮೇಲಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಒಳಗೆ ಹೋಗುವ ಧೈರ್ಯ ಆಗಲಿಲ್ಲ. ನನ್ನ ಸಲುವಾಗಿ ಅವಳು ಅದನ್ನು ಬಿಟ್ಟುಬಿಡುತ್ತಾಳೆ ಎಂದು ಅನಿಸಿತು. ಹೇಳಲು ನಾಚಿಕೆಯಾಗುತ್ತದೆ, ಬಿಟ್ಟರೆ ಬಿಡಲಿ, ಇದೊಂದು ಮುಗಿಯಲಿ ಎಂದೂ ಅನಿಸಿತು. ಆಮೇಲೆ ಅವಳು ಎಂದಿನಂತೆ ಹಚ್ಚಿಕೊಂಡು ಎದ್ದಳು. ಏನು ನಿರ್ಧಾರ ಮಾಡಿದೆ ಎಂದು ಕೇಳಿದರೆ ಕೊಡ ತೆಗೆದುಕೊಂಡು ನೀರಿಗೆ ಹೋದಳು.

ಇನ್ನೂ ಏನೂ ಅಚ್ಚು ಹಾಕಬೇಡಿ.

ತಾರಾ


ಬೈಲಹೊಂಗಲ
೧೧ ಏಪ್ರಿಲ್ ೧೯೭೪

ಹೆಸರು ಬರಿಯೂ ರೂಢಿ ನನಗಿಲ್ಲ, ಹಂಗ ಸುರು ಮಾಡೇನಿ. ತಾರಾಗ ಹೇಳಿ ಬರಸಬಹುದಿತ್ತು, ಆದ್ರ ಈ ಪತ್ರ ಅಕಿ ಕೈಲೆ ಬ್ಯಾಡ ಅನಸ್ತು. ಅಕ್ಷರ ಸೊಟ್ಟ ಅದಾವ, ಓದ್ಕೋರಿ.

ಮೊನ್ನೆ ಮಂಗಳವಾರ ನಾ ರಾಮದುರ್ಗಕ್ಕ ಬಂದಿದ್ನಿ. ಅಣ್ಣಗ ಹೇಳಲಿಲ್ಲ, ತಾರಾಗೂ ಹೇಳಲಿಲ್ಲ. ಒಬ್ಬಾಕಿನ ಬಂದೆ. ಸವದತ್ತಿಯೊಳಗ ಬಸ್ಸ ಬದಲಿ ಮಾಡಬೇಕಂತ ಕಂಡಕ್ಟರ ಹೇಳಿದಾ. ಕುಂಕುಮಾ ದಿನಕ್ಕಿಂತ ದೊಡ್ಡದು ಹಚ್ಚಿಕೊಂಡಿದ್ನಿ, ಬೆವರಿಗೆ ಇಳೀತಂತ ಹಾದಿ ತುಂಬ ಸೆರಗಿಲೆ ಒತ್ತಿಕೋತ ಬಂದೆ.

ಬೀಗರ ಮನಿ ಕೇಳಿಕೊಂಡು ಹೋದೆ. ಹುಡುಗನ ತಾಯಿ ಗಂಗೂಬಾಯಿ ಬಾಗಲಾ ತಗದ್ಲು. ನನ್ನ ನೋಡಿದಾಕಿ ಅಲ್ಲ, ಗುರ್ತ ಹತ್ತಲಿಲ್ಲ. ನಾ ತಾರಾನ ಅವ್ವ ಅಂದೆ. ಅಕಿ ನನ್ನ ಹಣಿ ನೋಡಿಕೋತ ನಿಂತ್ಲು. ಒಳಗ ಕರದು ಕೂಡಿಸಿದ ಮ್ಯಾಲ ಎಲ್ಲಾ ಹೇಳಿದೆ. ನಮ್ಮ ಮನಿಯವರು ತೀರಿಕೊಂಡಿಲ್ಲ, ನಿಮ್ಮೂರಾಗ ಅದಾರ, ನೀವು ಪತ್ರಿಕಿ ಕೊಟ್ಟ ಪ್ರೆಸ್ಸಿನ್ಯಾಗ ಆ ಪತ್ರಿಕಿ ಜೋಡಸೂ ಕೆಲಸ ಅವರದ ಅದ ಅಂದೆ. ಅಕಿಗೆ ನಗು ಬಂತು. ಅಕಿ ನಕ್ಕಿದ್ದು ನೋಡಿ ನನಗೂ ಬಂತು. ಆಮ್ಯಾಲ ಇಬ್ಬರಿಗೂ ಅಳು ಬಂತು.

ಹುಡುಗನ ಕಾಕಾ ಬಂದು ಸಿಟ್ಟ ಮಾಡಿದ್ರು. ನಮಗ ಸುಳ್ಳ ಹೇಳೀರಿ, ಈ ಸಂಬಂಧ ಬ್ಯಾಡ ಅಂದ್ರು. ನಾ ಎದುರ ಆಡಲಿಲ್ಲ, ಎದ್ದೂ ಬರಲಿಲ್ಲ. ಬಾಳಕೃಷ್ಣ ಸಾಲಿಯಿಂದ ಬರೂತನಕ ಕುಂತಿದ್ನಿ. ಅವಾ ತನ್ನ ತಾಯಿ ಮಾರಿ ನೋಡಿದಾ. ಅಕಿ ಹೇಳಿದ್ಲು: “ಸುಳ್ಳ ಹೇಳಿದ್ದಕ್ಕ ನನಗೂ ಸಿಟ್ಟ ಅದ. ಆದ್ರ ಖರೇ ಹೇಳಲಿಕ್ಕೆ ಒಬ್ಬಾಕಿನ ಇಷ್ಟು ದೂರ ಬಂದಾಳ, ಅದನ್ನ ಹೆಂಗ ಬಿಡೂದು?” ಅಷ್ಟಂದು ಒಳಗ ಹೋಗಿ ತೆಂಗಿನಕಾಯಿ, ಖಣಾ, ಅಕ್ಕಿ ತಂದು ನನ್ನ ಉಡಿ ತುಂಬಿದ್ಲು. ಹದಿನಾಲ್ಕು ವರ್ಷದಾಗ ಯಾರೂ ತಾವಾಗೇ ನನ್ನ ಉಡಿ ತುಂಬಿರಲಿಲ್ಲ. ತುಂಬೂದೋ ಬ್ಯಾಡೋ ಅಂತ ಮಂದಿಗೆ ಅನಮಾನ ಇರತಿತ್ತು.

ಹಿಂಗಾಗಿ ಲಗ್ನ ಆಗತದ. ಇನ್ನ ಪತ್ರಿಕಿದ ಮಾತು. ಆ ಶಬ್ದ ತಗೀರಿ. ನಿಮ್ಮ ಹೆಸರೂ ತಗೀರಿ. ಹೆಸರಿದ್ರ ಬಂದ ಮಂದಿ ಎಲ್ಲಿ ಅದಾರ ಅಂತ ಹುಡಕತಾರ. ಅಕಿನ್ನ ನಾ ಬೆಳಸೇನಿ, ನನ್ನ ಹೆಸರು ಹಾಕ್ರಿ. ತಾರಾ ಬರದಂಗ ‘ಸೌ.’ ಅಂತನ ಹಾಕ್ರಿ. ಈ ಕುಂಕುಮಾ ನಿಮ್ಮ ದಾರಿ ಕಾಯಲಿಕ್ಕೆ ಹಚ್ಚಿದ್ದು ಅಂತ ತಿಳೀಬ್ಯಾಡ್ರಿ. ಮೊದಮೊದಲು ಹಂಗ ಇತ್ತು. ಈಗ ನನ್ನದು ಅಂತ ಇರೂದು ಇದೊಂದ, ಅದನ್ನ ಬ್ಯಾರೆ ಯಾರೋ ಬರದು ಅಳಸೂದು ಬ್ಯಾಡ.

ಲಗ್ನದ ದಿನ ಬರಬ್ಯಾಡ್ರಿ. ಅಣ್ಣನ ಮುಂದ ನಿಮ್ಮನ್ನ ನಿಂದ್ರಿಸಿಕೊಂಡು, ಇಬ್ಬರನ್ನೂ ಸಂಭಾಳಿಸಿಕೋತ ಲಗ್ನ ಮಾಡೂ ತ್ರಾಣ ನನಗಿಲ್ಲ.

ತಿರಗಿ ಬರೂ ಮುಂದ ನಿಮ್ಮ ಪ್ರೆಸ್ಸಿನ ಮುಂದ ಹಾದು ಬಂದೆ. ಕಿಡಕಿ ತೆರದಿತ್ತು. ಮೊಳಿ ಮೂಗಿನ ಹತ್ತರ ಹಿಡಕೊಂಡು ನೋಡಲಿಕ್ಕೆ ಹತ್ತಿದ್ರಿ. ಕಣ್ಣು ಹೋಗ್ಯಾವ. ಕಣ್ಣಿನ ಚಾಳೀಸ ಬದಲಿ ಮಾಡಸ್ರಿ.

ಯಮುನಾ


ರಾಮದುರ್ಗ
೨೨ ಏಪ್ರಿಲ್ ೧೯೭೪

ಚಿ. ತಾರಾ,

ಪತ್ರಿಕೆಗಳು ಅಚ್ಚಾಗಿವೆ. ನಿಮ್ಮ ಕಡೆಯ ಇನ್ನೂರನ್ನು ಕಟ್ಟಿ ಈ ಪತ್ರದ ಜೊತೆ ನಿನ್ನ ಶಾಲೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ನನ್ನ ಹೆಸರು ಮತ್ತು ಆ ಶಬ್ದ ಒಂದೂವರೆ ತಿಂಗಳಿಂದ ದಾರ ಸುತ್ತಿಕೊಂಡು ಮೂಲೆಯ ಹಲಗೆಯ ಮೇಲೆ ಕುಳಿತಿದ್ದವು. ಬಿಚ್ಚಿ ಒಂದೊಂದೇ ಮೊಳೆಯನ್ನು ಅದರದರ ಖಣಕ್ಕೆ ಹಾಕಿದೆ. ಈ ಸಲ ನೋಡಿ ಹಾಕಿದೆ, ಯಾವುದೂ ತಪ್ಪು ಖಣಕ್ಕೆ ಬೀಳಬಾರದಲ್ಲ. ನಿನ್ನ ಅವ್ವನ ಹೆಸರಿಗೆ ನಮ್ಮಲ್ಲಿದ್ದ ದೊಡ್ಡ ಮೊಳೆ ಆರಿಸಿದೆ. ಬಸಲಿಂಗಪ್ಪನವರು ನೋಡಿ, ವಧು ವರರ ಹೆಸರಿಗಿಂತ ತಾಯಿಯ ಹೆಸರು ದೊಡ್ಡದಾಯಿತಲ್ಲ ಮಾಸ್ತರ ಎಂದರು. ಇರಲಿರಿ ಎಂದೆ.

ತಾರೀಖನ್ನು ನಾನು ಮೂರು ಸಲ ಓದಿದೆ. ನನ್ನ ಮೇಲೆ ಭರವಸೆ ಸಾಲದೆ ಟ್ರೆಡಲ್ ಮಶಿನ್ ತುಳಿಯುವ ಪೀರಸಾಬನಿಂದ ಓದಿಸಿದೆ, ಬಸಲಿಂಗಪ್ಪನವರಿಂದಲೂ ಓದಿಸಿದೆ. ಮೇ ೧೨, ರವಿವಾರ. ನೀನೂ ಒಂದು ಸಲ ನೋಡು.

ನಿನ್ನ ಅವ್ವ ಇಲ್ಲಿಗೆ ಬಂದ ದಿನದ ಮಾತು ಅವಳ ಪತ್ರ ಬಂದ ಮೇಲೆ ಪೀರಸಾಬನನ್ನು ಕೇಳಿದೆ. ಅವನಿಗೆ ನೆನಪಿತ್ತು. ಒಬ್ಬ ಹೆಣ್ಣುಮಗಳು ಬಂದು ಸವದತ್ತಿಯ ಬಸ್ಸು ಎಷ್ಟಕ್ಕೆ ಎಂದು ಕೇಳಿದಳಂತೆ. ಇವನು, “ಗಾಡಿ ಲೇಟ್ ಅದರಿ, ಬಿಸಲಾಗ ಯಾಕ ನಿಂದರತೀರಿ, ಇಲ್ಲೇ ಕುಂದರ್ರಿ” ಅಂದನಂತೆ. ಅವಳು ಪ್ರೆಸ್ಸಿನ ಹೊರಗಿನ ಕಟ್ಟೆಯ ಮೇಲೆ ಒಂದು ತಾಸು ಕುಳಿತಿದ್ದಳು. ನೀರು ಬೇಕೆ ಎಂದು ಕೇಳಿದರೆ ಬೇಡ ಎಂದಳಂತೆ. ಒಳಗೆ ನಾನು ಸೊಸಾಯಿಟಿಯ ವಾರ್ಷಿಕ ಸಭೆಯ ನೋಟೀಸು ಜೋಡಿಸುತ್ತಿದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಗೋಡೆ. ತಲೆ ಎತ್ತಿ ಕಿಡಕಿಯತ್ತ ನೋಡಿದ್ದರೆ ಸಾಕಿತ್ತು. ಹಾಳು ನೋಟೀಸು, ಅದೇನು ಅಷ್ಟು ಅವಸರದ್ದಾಗಿರಲಿಲ್ಲ.

ಅವಳು ಹೇಳಿದಂತೆ ಲಗ್ನದ ದಿನ ಬರುವುದಿಲ್ಲ. ಚಾಳೀಸು ಬದಲಿಸಿದ್ದೇನೆ ಎಂದು ಅವಳಿಗೆ ಹೇಳು.

ಇತಿ ಆಶೀರ್ವಾದಗಳು,
ದಿಗಂಬರ


ರಾಮದುರ್ಗ
೬ ಜೂನ್ ೧೯೭೪

ಅಪ್ಪಾ,

ಮದುವೆಯಾಗಿ ಇಪ್ಪತ್ತೈದು ದಿನವಾದವು. ಈ ಮನೆಯಿಂದ ನಿಮ್ಮ ಪ್ರೆಸ್ಸು ಹತ್ತು ನಿಮಿಷದ ಹಾದಿ. ಆದರೂ ಟಪಾಲಿನಲ್ಲೇ ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ಏನು ಮಾತಾಡಬೇಕೋ ಗೊತ್ತಿಲ್ಲ.

ಲಗ್ನ ಚೆನ್ನಾಗಿ ಆಯಿತು. ಜನ ೧೨ಕ್ಕೇ ಬಂದರು, ಎಲ್ಲರೂ ಬಂದರು. ಕೃಷ್ಣಾಜಿ ಮಾಮಾ, ಮಾಮಿ ಧಾರೆ ಎರೆದರು. ಅವ್ವ ಪಕ್ಕದಲ್ಲೇ ನಿಂತಿದ್ದಳು, ಯಾರೂ ಅವಳನ್ನು ಒಳಗೆ ಕಳಿಸಲಿಲ್ಲ. ಪತ್ರಿಕೆಯನ್ನು ನೋಡಿ ಕೆಲವರು ಮುಖ ಮುಖ ನೋಡಿಕೊಂಡರು. ಮುರಗೋಡದ ಅಜ್ಜಿಯೊಬ್ಬಳು ಯಮುನಾನ ಗಂಡ ಎಲ್ಲಿ ಎಂದು ಕೇಳಿದಾಗ ಅವ್ವ ರಾಮದುರ್ಗದಾಗ ಅದಾರ ಅಂದಳು. ಅಜ್ಜಿ ಹೌದಾ ಎಂದು ಎಲೆ ಅಡಿಕೆ ಹಾಕಿಕೊಂಡಳು. ಇಷ್ಟೇ ಆಯಿತು. ಇಷ್ಟಕ್ಕೆ ನಾವು ಎಷ್ಟು ಹೆದರಿದ್ದೆವು.

ನಿಮಗೆ ಹೇಳಬೇಕಾದದ್ದು ಮರುದಿನದ ಮಾತು. ನಮ್ಮ ಗಾಡಿ ಸಂಜೆಗೆ ಹೊರಡುವುದಿತ್ತು. ಹಂದರದ ಗಳ ಕೀಳುವವರು ಬೆಳಿಗ್ಗೆಯೇ ಬಂದರು. ಅವ್ವ ಅವರಿಗೆ ಒಂದು ಮೂಲೆ ಬಿಡಿ, ಸಂಜೆ ಕೀಳಿ ಎಂದಳು. ಆ ಮೂಲೆಯಲ್ಲಿ ಚಾಪೆ ಹಾಸಿ ಕುಳಿತಳು. ಲಗ್ನದ ಅಡಿಗೆಯಲ್ಲಿ ಉಳಿದ ಬುಂದೆ ಲಾಡು, ಕರಿಗಡಬು ಹಾಕಿ ಒಂದು ತಾಟು ಮುಚ್ಚಿಟ್ಟುಕೊಂಡಿದ್ದಳು. ಯಾರಿಗೆ ಎಂದು ಮಾಮಾ ಕೇಳಿದ, ಅವಳು ತಾಟನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ಹತ್ತಿರ ಹೋಗಿ ಕುಳಿತೆ. ಅವಳೇ ಅಂದಳು: “ಲಗ್ನದ ದಿನ ಬರಬ್ಯಾಡ್ರಿ ಅಂತ ಬರದಿದ್ನಿ. ಮರುದಿನದ್ದು ಬರದಿರಲಿಲ್ಲ.”

ಸವದತ್ತಿಯ ಬಸ್ಸು ನಾಲ್ಕು ಗಂಟೆಗೆ ನಮ್ಮ ಓಣಿಯ ತುದಿಗೆ ಬಂದು ನಿಂತಿತು. ಅದರಿಂದ ಇಳಿದವರನ್ನೆಲ್ಲ ನಾನೂ ನೋಡಿದೆ.

ಐದಕ್ಕೆ ಅವಳು ಎದ್ದು, ಗಳ ಕೀಳುವ ಹನುಮಪ್ಪನನ್ನು ಕರೆದು ತಾಟು ಅವನಿಗೆ ಕೊಟ್ಟಳು. ಚಾಪೆ ಸುತ್ತಿದಳು. ನನ್ನ ಉಡಿ ತುಂಬಿ ಗಾಡಿ ಹತ್ತಿಸಿದಳು. ಅಳಲಿಲ್ಲ. ದಣಿದಿದ್ದಳು.

ಇದನ್ನು ನಿಮಗೆ ನೋವಾಗಲಿ ಎಂದೇ ಬರೆದಿದ್ದೇನೆ. ನೋವಾಗಿರಬೇಕು.

ಬರುವ ರವಿವಾರ ಅವ್ವ ಇಲ್ಲಿಗೆ ಬರುತ್ತಾಳೆ, ನಾಲ್ಕು ದಿನ ಇರುತ್ತಾಳೆ. ಪ್ರೆಸ್ಸಿಗೆ ಆ ದಿನ ರಜೆ ಎಂದು ಇವರು ವಿಚಾರಿಸಿಕೊಂಡು ಬಂದಿದ್ದಾರೆ. ನನ್ನ ಅತ್ತೆ ನಿಮ್ಮದೂ ಸೇರಿಸಿ ಅಕ್ಕಿ ಹಾಕುತ್ತೇನೆ ಎನ್ನುತ್ತಾರೆ. ನೀವು ಬರುತ್ತೀರಿ ಎಂದು ಅವ್ವನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಬಾಗಿಲಲ್ಲಿ ಕುಳಿತುಬಿಡುತ್ತಾಳೆ.

ಬರುವುದಾದರೆ ಹನ್ನೆರಡರೊಳಗೆ ಬನ್ನಿ. ಹನ್ನೆರಡಕ್ಕೆ ನಾನು ಎಲೆ ಹಾಕುತ್ತೇನೆ.

ನಿಮ್ಮ ಮಗಳು,
ತಾರಾ